ಕೆಂಪು ಬಣ್ಣದ ಆಚೆಗೆ ನೋಡಿದ ವಿಲಿಯಂ ಹರ್ಷೆಲ್

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇದೆಯೇ? ಇಲ್ಲದಿದ್ದರೂ ಹತ್ತಿರದ ಪ್ರೌಢಶಾಲೆಯಲ್ಲೋ, ಊರಿನ ಸಭೆಯಲ್ಲೋ ಅದನ್ನು ನೋಡಿರುತ್ತೀರಿ. ಕಿಟಕಿ ಮುಚ್ಚಿದ ಕೋಣೆ. ಬಿಳಿ ಗೋಡೆಯ ಮೇಲೆ ಚಿತ್ರ. ಶಿಕ್ಷಕರ ಕೈಯಲ್ಲಿ ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡದಾದ ರಿಮೋಟ್. ಅವರು ಒಂದು ಗುಂಡಿ ಒತ್ತಿದರೆ ಓಡುತ್ತಿದ್ದ ಚಿತ್ರ ಥಟ್ಟನೆ ನಿಲ್ಲುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ರಿಮೋಟ್‌ಗೂ ಪ್ರೊಜೆಕ್ಟರ್‌ಗೂ ನಡುವೆ ತಂತಿ ಇಲ್ಲ, ಏನೂ ಕಾಣುವುದಿಲ್ಲ. ಹಾಗಾದರೆ ಗುಂಡಿ ಒತ್ತಿದ ಸುದ್ದಿ ಅಲ್ಲಿಗೆ ಹೋದದ್ದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದೆ. ಪ್ರೊಜೆಕ್ಟರ್ ಹೊತ್ತಿಕೊಂಡಿತ್ತು, ಆದರೆ ರಿಮೋಟ್ ಒತ್ತಿದರೆ ಏನೂ ಆಗಲಿಲ್ಲ. ಸೆಲ್ ಬದಲಾಯಿಸಿದೆವು, ಆಗಲೂ ಇಲ್ಲ. ರಿಮೋಟ್ ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಅಷ್ಟರಲ್ಲಿ ಹಿರಿಯ ಶಿಕ್ಷಕಿಯೊಬ್ಬರು ಎದ್ದುಹೋಗಿ ಪಶ್ಚಿಮದ ಕಿಟಕಿ ಮುಚ್ಚಿದರು. ರಿಮೋಟ್ ಕೆಲಸ ಮಾಡತೊಡಗಿತು! ಕಿಟಕಿ ಮುಚ್ಚಿದ್ದಕ್ಕೂ ರಿಮೋಟ್‌ಗೂ ಏನು ಸಂಬಂಧ? ಉತ್ತರ ಬೇಕೆಂದರೆ ನಾವು 200 ವರ್ಷಗಳಿಗೂ ಹಿಂದೆ ಇಂಗ್ಲೆಂಡಿಗೆ ಹೋಗಿ, ಸಂಗೀತಗಾರರೊಬ್ಬರ ಮನೆಯ ಬಾಗಿಲು ತಟ್ಟಬೇಕು. ಅವರೇ ವಿಲಿಯಂ ಹರ್ಷೆಲ್.

ಬ್ಯಾಂಡಿನ ಹುಡುಗ

ಹರ್ಷೆಲ್ 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದರು. ತಂದೆ ಐಸಾಕ್ ಸೈನ್ಯದ ಬ್ಯಾಂಡಿನಲ್ಲಿ ಓಬೋ ಎಂಬ ವಾದ್ಯ ನುಡಿಸುತ್ತಿದ್ದರು. ಅದು ನಮ್ಮ ಶಹನಾಯಿಯ ಜಾತಿಗೆ ಸೇರಿದ ಊದುವ ವಾದ್ಯ. ಮನೆಯಲ್ಲಿ ಹಣಕ್ಕೆ ಕೊರತೆ, ಮಾತಿಗೆ ಕೊರತೆ ಇರಲಿಲ್ಲ. ರಾತ್ರಿ ತಂದೆ ಮಕ್ಕಳಿಗೆ ನಕ್ಷತ್ರಪುಂಜಗಳನ್ನು ತೋರಿಸುತ್ತಿದ್ದರು. ವಿಲಿಯಂ 14ನೆಯ ವಯಸ್ಸಿಗೇ ತಂದೆಯ ಬ್ಯಾಂಡ್ ಸೇರಿದರು.

1757ರಲ್ಲಿ ಯುದ್ಧ ಹ್ಯಾನೋವರಿನ ಬಾಗಿಲಿಗೇ ಬಂತು. ಹಾಸ್ಟೆನ್‌ಬೆಕ್ ಎಂಬಲ್ಲಿ ಫ್ರೆಂಚ್ ಸೈನ್ಯದ ಎದುರು ಹ್ಯಾನೋವರಿನ ಕಡೆಯವರು ಸೋತರು. ಅದೇ ವರ್ಷ ವಿಲಿಯಂ ಅಣ್ಣನೊಂದಿಗೆ ಇಂಗ್ಲೆಂಡಿಗೆ ಹೋದರು. ಆಗ ಅವರಿಗೆ ಸುಮಾರು 19 ವರ್ಷ. ಕೈಯಲ್ಲಿ ಕಾಸಿಲ್ಲ. ಸ್ವರಲಿಪಿಯನ್ನು ನಕಲು ಮಾಡಿಕೊಟ್ಟು, ಮಕ್ಕಳಿಗೆ ಸಂಗೀತ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡರು. 1766ರಲ್ಲಿ ಬಾತ್ ಎಂಬ ಊರಿನ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಬದುಕು ಒಂದು ನೆಲೆಗೆ ಬಂತು.

ತಂಗಿ ಕ್ಯಾರೊಲಿನ್

ಹ್ಯಾನೋವರಿನಲ್ಲಿ ವಿಲಿಯಂಗಿಂತ 11 ವರ್ಷ ಚಿಕ್ಕವಳಾದ ತಂಗಿ ಕ್ಯಾರೊಲಿನ್ ಇದ್ದಳು. ಹತ್ತನೆಯ ವಯಸ್ಸಿನಲ್ಲಿ ಬಂದ ಟೈಫಸ್ ಜ್ವರದಿಂದ ಅವಳ ಬೆಳವಣಿಗೆ ನಿಂತು, ಎತ್ತರ ನಾಲ್ಕು ಅಡಿ ಮೂರು ಅಂಗುಲಕ್ಕೇ ಉಳಿಯಿತು. ಅವಳಿಗೆ ಮದುವೆಯಾಗದು, ಮನೆಗೆಲಸ ಮಾಡಿಕೊಂಡಿರಲಿ ಎಂಬುದು ತಾಯಿಯ ಯೋಚನೆ. ಮಗಳು ಹೆಚ್ಚು ಓದುವುದು ಅವರಿಗೆ ಬೇಕಿರಲಿಲ್ಲ. 1772ರಲ್ಲಿ ವಿಲಿಯಂ ಊರಿಗೆ ಹೋಗಿ, ಮನೆಗೆಲಸಕ್ಕೆ ಬೇರೆಯವರನ್ನು ಇಟ್ಟುಕೊಳ್ಳಲು ತಾಯಿಗೆ ಹಣ ಕೊಡುವುದಾಗಿ ಒಪ್ಪಿ, ತಂಗಿಯನ್ನು ಕರೆತಂದರು. ಅಲ್ಲಿ ಅವರು ಅವಳಿಗೆ ಹಾಡುವುದನ್ನೂ ಲೆಕ್ಕವನ್ನೂ ಇಂಗ್ಲಿಷನ್ನೂ ಕಲಿಸಿದರು.

ಇಷ್ಟರಲ್ಲಿ ವಿಲಿಯಂಗೆ ಖಗೋಳದ ಹುಚ್ಚು ಹಿಡಿದಿತ್ತು. ಒಳ್ಳೆಯ ದೂರದರ್ಶಕ ಕೊಳ್ಳುವಷ್ಟು ಹಣವಿಲ್ಲ. ಹಾಗಾದರೆ ತಾನೇ ಮಾಡಿದರಾಯಿತು! ತಾಮ್ರ ಮತ್ತು ತವರ ಬೆರೆಸಿ ಕರಗಿಸಿ, ಕುದುರೆ ಲದ್ದಿಯಿಂದ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ದು, ಆ ಲೋಹದ ಬಿಲ್ಲೆಯನ್ನು ಉಜ್ಜಿ ಉಜ್ಜಿ ನಿಮ್ನ ದರ್ಪಣ ಮಾಡಬೇಕಿತ್ತು. ಉಜ್ಜುವುದನ್ನು ನಡುವೆ ನಿಲ್ಲಿಸಿದರೆ ಮೈ ಕೆಡುತ್ತದೆಂದು ಒಮ್ಮೆ 16 ಗಂಟೆ ಕಾಲ ಕೈ ಎತ್ತಲೇ ಇಲ್ಲ. ಕ್ಯಾರೊಲಿನ್ ಪಕ್ಕದಲ್ಲಿ ನಿಂತು ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದಳು, ಬೇಸರವಾಗದಂತೆ ಕತೆ ಓದಿ ಹೇಳುತ್ತಿದ್ದಳು.

ಹೊಸ ಗ್ರಹ

1781ರ ಮಾರ್ಚ್ 13ರ ರಾತ್ರಿ. ವಿಲಿಯಂ ತಮ್ಮ ಮನೆಯ ಹಿತ್ತಿಲಿನಲ್ಲಿ ತಾವೇ ಮಾಡಿದ ಏಳು ಅಡಿ ಉದ್ದದ ದೂರದರ್ಶಕದಿಂದ ಆಕಾಶ ನೋಡುತ್ತಿದ್ದರು. ಒಂದು ಚುಕ್ಕೆ ಉಳಿದ ನಕ್ಷತ್ರಗಳಂತೆ ಬರೀ ಬಿಂದುವಾಗಿರದೆ ಪುಟ್ಟ ಬಿಲ್ಲೆಯಂತೆ ಕಂಡಿತು. ಕೆಲವು ದಿನಗಳ ನಂತರ ನೋಡಿದಾಗ ಅದು ಜಾಗ ಬದಲಿಸಿತ್ತು. ಅದೊಂದು ಧೂಮಕೇತು ಎಂದುಕೊಂಡರು. ಬೇರೆ ವಿಜ್ಞಾನಿಗಳು ಅದರ ದಾರಿಯನ್ನು ಲೆಕ್ಕ ಹಾಕಿದಾಗ ಅದು ಶನಿಗಿಂತ ಆಚೆ ಸೂರ್ಯನನ್ನು ಸುತ್ತುವ ಗ್ರಹವೆಂದು ತಿಳಿಯಿತು. ಅದೇ ಯುರೇನಸ್. ದೂರದರ್ಶಕದಿಂದ ಮನುಷ್ಯ ಪತ್ತೆ ಮಾಡಿದ ಮೊದಲ ಗ್ರಹ ಅದು.

ಈ ಗ್ರಹದ ಜೊತೆ ನಮಗೂ ಒಂದು ನಂಟಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ ಅದರ ಸುತ್ತ ಉಂಗುರಗಳಿರುವುದು ಗೊತ್ತಾಯಿತು. ಆಗ ನಕ್ಷತ್ರದ ಬೆಳಕು ಮಂಕಾದದ್ದನ್ನು ದಾಖಲಿಸಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಇದ್ದರು. ಅವರು ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಿಂದ ನೋಡುತ್ತಿದ್ದರು.

ಗ್ರಹ ಸಿಕ್ಕ ಮೇಲೆ ಹರ್ಷೆಲ್ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಇನ್ನೂ ದೊಡ್ಡ ದರ್ಪಣ ಎರಕ ಹೊಯ್ಯಲು ಹೋದರು. ಕುಲುಮೆ ಸೋರಿ ಕರಗಿದ ಲೋಹ ನೆಲಕ್ಕೆ ಹರಿಯಿತು. ಆ ಶಾಖಕ್ಕೆ ಹಾಸುಗಲ್ಲುಗಳು ಸಿಡಿದು ಸೂರಿನವರೆಗೆ ಹಾರಿದವು. ಎಲ್ಲರೂ ಓಡಿ ಜೀವ ಉಳಿಸಿಕೊಂಡರು. ಆದರೂ ಅವರು ಕೆಲಸ ಬಿಡಲಿಲ್ಲ. 1782ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡ್ ವೇತನ ಗೊತ್ತು ಮಾಡಿದ್ದರಿಂದ ಸಂಗೀತದ ಉದ್ಯೋಗ ಬಿಟ್ಟು ಪೂರ್ತಿಯಾಗಿ ಖಗೋಳಕ್ಕೆ ತೊಡಗಿದರು. 1789ರಲ್ಲಿ ಸ್ಲೌ ಎಂಬ ಊರಿನಲ್ಲಿ 40 ಅಡಿ ಉದ್ದದ ದೂರದರ್ಶಕ ಸಿದ್ಧವಾಯಿತು. ಅದರ ದರ್ಪಣದ ಅಗಲ 48 ಅಂಗುಲ.

ಕ್ಯಾರೊಲಿನ್ ರಾತ್ರಿಯಿಡೀ ಅಣ್ಣ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು, ಹಗಲು ಲೆಕ್ಕ ಮಾಡುತ್ತಿದ್ದರು. ತಾವೇ ಎಂಟು ಧೂಮಕೇತುಗಳನ್ನು ಪತ್ತೆ ಮಾಡಿದರು. 1787ರಿಂದ ಅವರಿಗೂ ವರ್ಷಕ್ಕೆ 50 ಪೌಂಡ್ ವೇತನ ಬಂತು. ಮನೆಗೆಲಸಕ್ಕೇ ಸಾಕೆಂದು ಎಣಿಸಿದ್ದ ಹುಡುಗಿ ವಿಜ್ಞಾನಿಯಾದಳು!

ಬಣ್ಣಕ್ಕೂ ಶಾಖವಿದೆಯೇ?

ಈಗ 1800ಕ್ಕೆ ಬರೋಣ. ಹರ್ಷೆಲ್‌ಗೆ ಆಗ 61 ವರ್ಷ. ದೂರದರ್ಶಕದಿಂದ ಸೂರ್ಯನನ್ನು ನೋಡುವಾಗ ಕಣ್ಣಿನ ರಕ್ಷಣೆಗೆ ಬೇರೆ ಬೇರೆ ಬಣ್ಣದ ಗಾಜುಗಳನ್ನು ಹಾಕಿ ನೋಡುತ್ತಿದ್ದರು. (ನೀವು ಎಂದಿಗೂ ಹೀಗೆ ನೋಡಬೇಡಿ, ಕಣ್ಣೇ ಹೋಗಬಹುದು.) ಒಂದು ವಿಚಿತ್ರ ಗಮನಕ್ಕೆ ಬಂತು. ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆ, ಆದರೆ ಕಣ್ಣಿಗೆ ಬಿಸಿ ತಾಗುತ್ತದೆ. ಇನ್ನು ಕೆಲವದರಲ್ಲಿ ಬೆಳಕು ಹೆಚ್ಚು, ಬಿಸಿ ಕಡಿಮೆ. ಹಾಗಾದರೆ ಎಲ್ಲ ಬಣ್ಣಗಳೂ ಒಂದೇ ಪ್ರಮಾಣದ ಶಾಖವನ್ನು ಹೊತ್ತು ತರುವುದಿಲ್ಲವೇ?

ಅವರು ಕಿಟಕಿಗೆ ಗಾಜಿನ ಪಟ್ಟಕ ಜೋಡಿಸಿ, ಬಿಸಿಲನ್ನು ಏಳು ಬಣ್ಣಗಳ ರೋಹಿತವಾಗಿ ಒಡೆದು ಮೇಜಿನ ಮೇಲೆ ಬೀಳಿಸಿದರು. ಮೂರು ಉಷ್ಣಮಾಪಕಗಳನ್ನು ತೆಗೆದುಕೊಂಡು ಬುರುಡೆಗಳಿಗೆ ಕಪ್ಪು ಬಳಿದರು. ಕಪ್ಪು ಏಕೆ? ಅದು ಶಾಖವನ್ನು ಚೆನ್ನಾಗಿ ಹೀರುತ್ತದೆ. ಒಂದನ್ನು ಬಣ್ಣದಲ್ಲಿಟ್ಟು ಉಳಿದ ಎರಡನ್ನು ಬಣ್ಣದ ಹೊರಗಿಟ್ಟರು. ಕೋಣೆಯೇ ಬಿಸಿಯಾದರೆ ಮೂರೂ ಏರುತ್ತವೆ. ಬಣ್ಣದಿಂದಲೇ ಬಿಸಿಯಾದರೆ ಒಂದು ಮಾತ್ರ ಏರುತ್ತದೆ. ಎಷ್ಟು ಸರಳವಾದ ಜಾಣತನ ನೋಡಿ!

ನೇರಳೆಯಲ್ಲಿ ಸುಮಾರು 2 ಡಿಗ್ರಿ ಫ್ಯಾರನ್‌ಹೀಟ್, ಹಸಿರಿನಲ್ಲಿ 3 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಕೆಂಪಿನಲ್ಲಿ ಸುಮಾರು 7 ಡಿಗ್ರಿ ಏರಿಕೆ ಕಂಡಿತು. ಕೆಂಪಿನ ಕಡೆಗೆ ಹೋದಂತೆ ಶಾಖ ಏರುತ್ತಲೇ ಇತ್ತು. ಇಲ್ಲಿ ಹರ್ಷೆಲ್ ಒಂದು ಪ್ರಶ್ನೆ ಕೇಳಿಕೊಂಡರು. ಕೆಂಪು ಮುಗಿದಲ್ಲಿಗೆ ಶಾಖವೂ ಮುಗಿಯುತ್ತದೆ ಎಂದು ಹೇಳಿದವರು ಯಾರು?

ಅವರು ಉಷ್ಣಮಾಪಕವನ್ನು ಕೆಂಪಿನ ಆಚೆಗೆ, ಯಾವ ಬಣ್ಣವೂ ಬೀಳದ ಜಾಗದಲ್ಲಿಟ್ಟರು. ಅಲ್ಲೂ ಪಾದರಸ ಏರಿತು! ಕೆಂಪಿನ ಅಂಚಿನಿಂದ ಸ್ವಲ್ಪ ಹೊರಗೇ ಶಾಖ ಅತಿ ಹೆಚ್ಚಾಗಿತ್ತು. ಇದು ಆಕಸ್ಮಿಕವಾಗಿ ಸಿಕ್ಕಿತು ಎಂಬ ಕತೆ ಪುಸ್ತಕಗಳಲ್ಲಿ ಇರುವುದುಂಟು. ಆದರೆ ಅವರ ಮೊದಲ ಪ್ರಬಂಧದಲ್ಲೇ ಕೆಂಪಿನಾಚೆ ಶಾಖ ಹೆಚ್ಚಿರಬಹುದೆಂಬ ಊಹೆ ಇದೆ. ಊಹಿಸಿ, ಹುಡುಕಿ, ಕಂಡುಕೊಂಡರು.

ಕಾಣದ ಈ ಕಿರಣಗಳೂ ಬೆಳಕಿನಂತೆ ಕನ್ನಡಿಯಲ್ಲಿ ಪ್ರತಿಫಲಿಸುತ್ತವೆ, ಗಾಜಿನಲ್ಲಿ ಬಾಗುತ್ತವೆ ಎಂದು ಹರ್ಷೆಲ್ ತೋರಿಸಿದರು. ಇವನ್ನೇ ನಾವು ಅವಕೆಂಪು ಕಿರಣಗಳು ಎನ್ನುತ್ತೇವೆ. ಮರುವರ್ಷ, 1801ರಲ್ಲಿ, ಜರ್ಮನಿಯ ರಿಟ್ಟರ್ ರೋಹಿತದ ಇನ್ನೊಂದು ತುದಿಯಲ್ಲಿ ಅತಿನೇರಳೆ ಕಿರಣಗಳನ್ನು ಪತ್ತೆ ಮಾಡಿದರು.

ಒಂದು ಎಚ್ಚರಿಕೆಯ ಮಾತು. ಬಿಸಿಲಿನ ಶಾಖವೆಲ್ಲ ಕೆಂಪಿನಾಚೆಯೇ ಗುಂಪಾಗಿದೆ ಎಂದು ಇದರಿಂದ ತಿಳಿಯಬಾರದು. ಗಾಜಿನ ಪಟ್ಟಕ ನೇರಳೆಯ ಕಡೆಯ ಕಿರಣಗಳನ್ನು ಅಗಲವಾಗಿ ಹರಡುತ್ತದೆ, ಕೆಂಪಿನ ಕಡೆಯವನ್ನು ಒತ್ತಾಗಿ ಇಡುತ್ತದೆ. ಆದ್ದರಿಂದಲೂ ಆ ಕಡೆ ಉಷ್ಣಮಾಪಕ ಹೆಚ್ಚು ಏರುತ್ತದೆ.

ದೊಡ್ಡವರೂ ತಪ್ಪುತ್ತಾರೆ

ಇಷ್ಟೆಲ್ಲ ಮಾಡಿದ ಹರ್ಷೆಲ್ ಕೊನೆಗೆ ಬಂದ ತೀರ್ಮಾನ ಮಾತ್ರ ತಪ್ಪಾಗಿತ್ತು. ಬೆಳಕು ಬೇರೆ, ಈ ಶಾಖದ ಕಿರಣ ಬೇರೆ ಎಂದು ಅವರು ಬರೆದರು. ಎರಡೂ ಒಂದೇ ಬಗೆಯ ವಿದ್ಯುತ್ಕಾಂತೀಯ ಅಲೆಗಳು, ಅಲೆಯ ಉದ್ದ ಮಾತ್ರ ಬೇರೆ ಎಂಬುದು ಮುಂದೆ ಬಂದ ವಿಜ್ಞಾನಿಗಳಿಂದ ಸ್ಪಷ್ಟವಾಯಿತು. ಸೂರ್ಯನ ಒಳಗೆ ಜೀವಿಗಳು ವಾಸಿಸುತ್ತಿರಬಹುದು ಎಂದೂ ಹರ್ಷೆಲ್ ನಂಬಿದ್ದರು! ಆದರೆ ಅವರು ಅಳೆದು ಬರೆದಿಟ್ಟ ಅಂಕಿಗಳು ಉಳಿದವು. ಅಳತೆ ಸರಿಯಿದ್ದರೆ ತಪ್ಪು ವಿವರಣೆಯನ್ನು ನಾಳೆ ಯಾರಾದರೂ ತಿದ್ದಬಹುದು. ಅಳತೆಯನ್ನೇ ಮಾಡದಿದ್ದರೆ ತಿದ್ದಲು ಏನಿರುತ್ತದೆ?

ಹರ್ಷೆಲ್ 1822ರ ಆಗಸ್ಟ್ 25ರಂದು ತೀರಿಕೊಂಡರು. ಯುರೇನಸ್ ಸೂರ್ಯನನ್ನು ಒಂದು ಸುತ್ತು ಬರಲು 84 ವರ್ಷ ಬೇಕು. ಅವರು ಬದುಕಿದ್ದೂ ಹೆಚ್ಚುಕಡಿಮೆ ಅಷ್ಟೇ ಕಾಲ. ಕ್ಯಾರೊಲಿನ್ 1848ರವರೆಗೆ, 97 ವರ್ಷ ಬದುಕಿದ್ದರು. 2009ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅವಕೆಂಪು ಕಿರಣಗಳಲ್ಲಿ ಆಕಾಶ ನೋಡುವ ದೂರದರ್ಶಕವನ್ನು ಹಾರಿಸಿ ಅದಕ್ಕೆ ಹರ್ಷೆಲ್ ಎಂದೇ ಹೆಸರಿಟ್ಟಿತು. 2013ರವರೆಗೆ ಅದು ಕೆಲಸ ಮಾಡಿತು.

ಮತ್ತೆ ನಮ್ಮ ರಿಮೋಟ್‌ಗೆ

ರಿಮೋಟ್‌ನ ಮೂತಿಯಲ್ಲಿ ಒಂದು ಪುಟ್ಟ ಎಲ್‌ಇಡಿ ದೀಪವಿದೆ. ಅದು ಬೀರುವುದು ಅವಕೆಂಪು ಕಿರಣ. ಅಲೆಯ ಉದ್ದ ಸಾಮಾನ್ಯವಾಗಿ 940 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವ ಕೆಂಪು ಸುಮಾರು 700ಕ್ಕೇ ಮುಗಿದುಹೋಗುತ್ತದೆ. ಗುಂಡಿ ಒತ್ತಿದಾಗ ಈ ದೀಪ ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿನುಗುತ್ತದೆ, ನಡುನಡುವೆ ಬಿಡುವು ಕೊಡುತ್ತದೆ. ಆ ಬಿಡುವುಗಳ ಉದ್ದ–ಗಿಡ್ಡಗಳೇ ಸಂಕೇತ. ನಿಲ್ಲಿಸುವುದಕ್ಕೆ ಒಂದು ಸಂಕೇತ, ಪರದೆ ಕಪ್ಪಾಗಿಸುವುದಕ್ಕೆ ಇನ್ನೊಂದು. ಪ್ರೊಜೆಕ್ಟರ್‌ನ ಮೈಮೇಲೆ ಕಪ್ಪು ಕಿಟಕಿಯಂಥ ಪುಟ್ಟ ಕಣ್ಣಿದೆ. ಅದು ಈ ವೇಗದ ಮಿನುಗನ್ನು ಮಾತ್ರ ಆರಿಸಿಕೊಂಡು ಸಂಕೇತ ಓದುತ್ತದೆ. ಟಿ.ವಿ.ಯ ರಿಮೋಟ್ ಸಾಮಾನ್ಯವಾಗಿ ಪ್ರೊಜೆಕ್ಟರ್‌ಗೆ ಆಗುವುದಿಲ್ಲ, ಏಕೆಂದರೆ ಸಂಕೇತ ಬೇರೆ.

ಕಿಟಕಿಯ ಒಗಟು ಈಗ ಬಿಡಿಸಿತೇ? ಸಂಜೆ ಬಿಸಿಲು ನೇರವಾಗಿ ಆ ಕಣ್ಣಿನ ಮೇಲೆ ಬೀಳುತ್ತಿತ್ತು. ಬಿಸಿಲಿನಲ್ಲಿ ಅವಕೆಂಪು ಕಿರಣ ಧಾರಾಳವಾಗಿದೆಯಲ್ಲ! ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸದಂತೆ ರಿಮೋಟ್‌ನ ಮಿನುಗು ಕಣ್ಣಿಗೆ ಸಿಗಲಿಲ್ಲ.

ಮಾಡಿ ನೋಡಿ

1. ರಿಮೋಟ್‌ನ ಮೂತಿಯನ್ನು ಮೊಬೈಲ್ ಕ್ಯಾಮೆರಾದ ಕಡೆ ಹಿಡಿದು ಗುಂಡಿ ಒತ್ತಿ. ತೆರೆಯ ಮೇಲೆ ಮಿನುಗು ಕಂಡೀತು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ. ಸೆಲ್ ಸರಿಯಿದೆಯೇ ಎಂದು ತಿಳಿಯಲೂ ಇದೇ ಸುಲಭ ಉಪಾಯ.

2. ರಿಮೋಟ್ ಅನ್ನು ಪ್ರೊಜೆಕ್ಟರ್ ಕಡೆ ತೋರಿಸದೆ ಎದುರಿನ ಬಿಳಿ ಗೋಡೆಯ ಕಡೆ ತೋರಿಸಿ ಒತ್ತಿ. ಕೆಲಸ ಮಾಡಿತೇ? ಮಾಡಿದರೆ ಅದು ಪ್ರತಿಫಲನ. ಹರ್ಷೆಲ್ ಕನ್ನಡಿಯಿಂದ ತೋರಿಸಿದ್ದೂ ಅದನ್ನೇ.

3. ರಿಮೋಟ್‌ನ ಮುಂದೆ ಅಂಗೈ, ಕಾಗದ, ಗಾಜು, ಪುಸ್ತಕ ಹೀಗೆ ಒಂದೊಂದನ್ನೇ ಅಡ್ಡ ಹಿಡಿಯಿರಿ. ಯಾವುದು ಕಿರಣವನ್ನು ಬಿಡುತ್ತದೆ, ಯಾವುದು ತಡೆಯುತ್ತದೆ? ಪಟ್ಟಿ ಮಾಡಿ.

ಪ್ರೊಜೆಕ್ಟರ್ ಉರಿಯುತ್ತಿರುವಾಗ ಅದರ ಮಸೂರದೊಳಗೆ ಇಣುಕಬೇಡಿ. ದೀಪವಿರುವ ಪ್ರೊಜೆಕ್ಟರ್ ಆದರೆ ಆರಿಸಿದ ಮೇಲೆ ಫ್ಯಾನ್ ನಿಲ್ಲುವವರೆಗೆ ಕಾದು ನಂತರವೇ ಸ್ವಿಚ್ ತೆಗೆಯಿರಿ.

ಮಾಡುವ ಮೊದಲು ನಿಮ್ಮ ಊಹೆಯನ್ನು ಬರೆಯಿರಿ, ಮಾಡಿದ ಮೇಲೆ ಕಂಡದ್ದನ್ನು ಬರೆಯಿರಿ. ಎರಡೂ ಹೊಂದದಿದ್ದರೆ ಊಹೆಯನ್ನು ಅಳಿಸಿ ಹಾಕಬೇಡಿ, ಹಾಗೆಯೇ ಇರಲಿ. ಹರ್ಷೆಲ್ ಕೂಡ ಅಳಿಸಲಿಲ್ಲ. ಅದರಿಂದಲೇ ನಮಗೆ ಅವರ ತಪ್ಪೂ ಗೊತ್ತು, ಅವರು ಕಂಡ ಕಾಣದ ಬೆಳಕೂ ಗೊತ್ತು.