ಕುಪ್ಪಳಿಯ ಹುಡುಗನ ಹದಿಹರೆಯ

ಹದಿನಾರು ಹದಿನೇಳರ ಹುಡುಗರ ಬುದ್ಧಿ ನೆಟ್ಟಗಿರುವುದಿಲ್ಲವೆಂಬ ಮಾತನ್ನು ನಮ್ಮ ಮೂಡಿಗೆರೆ ಕಡೆಯ ತೋಟದ ಲೈನುಮನೆಗಳಲ್ಲಿ ದಿನಕ್ಕೆ ಹತ್ತು ಬಾರಿಯಾದರೂ ಕೇಳಬಹುದು. ಅದನ್ನು ಕೇಳಿಯೇ ಬೆಳೆದ ನನಗೆ, ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಕುವೆಂಪು ಅವರ ಹದಿಹರೆಯದ ವೃತ್ತಾಂತವು ಅವರ ಮಹಾಕಾವ್ಯದಷ್ಟೇ ಕುತೂಹಲಕರವಾಗಿ ತೋರಿತು.

ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿ ಸೀತಮ್ಮನವರ ತವರಿನಲ್ಲಿ ಜನಿಸಿದರು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಹದಿಹರೆಯವನ್ನು ಬಿರುಗಾಳಿಯ ಕಾಲವೆಂದು ವರ್ಣಿಸಿದ ಬೃಹದ್ಗ್ರಂಥವು ಹೊರಬಂದುದೂ ಅದೇ ವರ್ಷ. ಬಾಲಕನು ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಕಾಡಿನ ನಡುವೆ. ಹನ್ನೆರಡರ ವಯಸ್ಸಿನಲ್ಲಿ ತಂದೆ ವೆಂಕಟಪ್ಪಗೌಡರು ತೀರಿಕೊಂಡರು. ತೀರ್ಥಹಳ್ಳಿಯ ಶಾಲೆ ಮುಗಿಸಿ ಮೈಸೂರಿನ ವೆಸ್ಲಿಯನ್ ಹೈಸ್ಕೂಲು ಸೇರಿದಾಗ ಆ ಮಲೆನಾಡಿನ ಹುಡುಗನಿಗೆ ಊರೂ ಹೊಸದು, ಜನರೂ ಹೊಸಬರು. ಹಾಸ್ಟೆಲಿನಲ್ಲಿರುವ ನಮ್ಮಲ್ಲನೇಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವಯಸ್ಸಿನಲ್ಲಿ ಮಿದುಳಿನೊಳಗೆ ನಡೆಯುವುದನ್ನು ಈಗಿನ ವಿಜ್ಞಾನಿಗಳು ಬಹುಮಟ್ಟಿಗೆ ಬಲ್ಲರು. ಭಾವನೆಗಳಿಗೆ ಸಂಬಂಧಿಸಿದ ಒಳಭಾಗಗಳು ಬೇಗನೆ ಚುರುಕಾಗುತ್ತವೆ. ಹಿಂದುಮುಂದು ನೋಡಿ ಆವೇಗಕ್ಕೆ ಕಡಿವಾಣ ಹಾಕುವ, ಹಣೆಯ ಹಿಂದಿನ ಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಬಳಕೆಯಲ್ಲಿರುವ ನರಸಂಪರ್ಕಗಳು ಗಟ್ಟಿಯಾಗಿ, ಉಳಿದವುಗಳಲ್ಲಿ ಬಹಳಷ್ಟು ಕಳಚಿಹೋಗುತ್ತವೆ; ಕಾಫಿ ಗಿಡದ ಬೇಡದ ರೆಂಬೆಗಳನ್ನು ಸವರುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಬುದ್ಧಿ ನೆಟ್ಟಗಿಲ್ಲವೆನ್ನುವುದಕ್ಕಿಂತ, ಇನ್ನೂ ಕಟ್ಟಡ ಮುಗಿದಿಲ್ಲವೆನ್ನುವುದೇ ಸರಿ. ನಮ್ಮ ಸಾಲಿನಲ್ಲಿ ಒಂದು ಜಗಳವಾಡಿ ಶಾಲೆ ಬಿಟ್ಟ ಹುಡುಗರನ್ನು ಬಲ್ಲೆ. ಕರೆದು ಕೂರಿಸಿ ಮಾತನಾಡಿಸಿದವರು ಮಾತ್ರ ಯಾರೂ ಇರಲಿಲ್ಲ.

ಕುವೆಂಪು ಅವರಿಗೆ ಅಂಥವರೊಬ್ಬರು ದೊರೆತರು. ಇಂಗ್ಲಿಷಿನಲ್ಲಿಯೇ ಕವಿಯಾಗುವ ಹಂಬಲದ ಆ ತರುಣನ ಮೊದಲ ಪುಸ್ತಕ, ಬಿಗಿನರ್ಸ್ ಮ್ಯೂಸ್, 1922ರಲ್ಲಿ ಅಚ್ಚಾಗಿತ್ತು. ಆಗ ಹದಿನೇಳು ವರ್ಷ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತನ್ನ ಪದ್ಯಗಳನ್ನು ತೋರಿಸಲು ಹೋದನು. ಅವರು ಹೊಗಳಲಿಲ್ಲ, ತಾಯ್ನುಡಿಯಲ್ಲಿ ಬರೆಯುವಂತೆ ಸೂಚಿಸಿದರು. ಹುಡುಗನಿಗೆ ಸಿಟ್ಟೇ ಬಂದಿತು. ನನಗಂತೂ ಆ ಉಪದೇಶಕ್ಕಿಂತ ಈ ಸಿಟ್ಟೇ ಹೆಚ್ಚು ಪ್ರಿಯ. ಸಿಟ್ಟು ಇಳಿದ ಮೇಲೆ ಲೇಖನಿ ಕನ್ನಡಕ್ಕೆ ಹೊರಳಿತು.

1927ರಲ್ಲಿ ಬಿ.ಎ., 1929ರಲ್ಲಿ ಎಂ.ಎ., ಬಳಿಕ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪನ, ಕಡೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಸ್ಥಾನ. 1936ರ ಕಾನೂರು ಹೆಗ್ಗಡಿತಿಯಲ್ಲಿ, ಮೈಸೂರಿನಲ್ಲಿ ಓದಿ ಮಲೆನಾಡಿಗೆ ಮರಳುವ ಹೂವಯ್ಯನೆಂಬ ತರುಣನಿದ್ದಾನೆ; ಅವನ ತಳಮಳವನ್ನು ಓದಿದವರಿಗೆ ಅದು ಎಲ್ಲಿಂದ ಬಂದಿತೆಂದು ಹೊಳೆಯದಿರದು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯೂ ಅವರಿಂದಲೇ ಬಂದಿತು. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದರು. ಅವರ ಸಮಾಧಿಯಿರುವುದು ಕುಪ್ಪಳಿಯ ಕವಿಶೈಲದಲ್ಲಿ, ಹುಡುಗನಾಗಿದ್ದಾಗ ಅಲೆದ ಗುಡ್ಡದ ಮೇಲೆ.