ಬೆಟ್ಟದ ಮೇಲೆ ನಿಂತು ಭೂಮಿಯನ್ನು ಅಳೆದ ಅಲ್ ಬಿರೂನಿ



ಭೂಮಿಯ ನಡುವಿಗೆ ಒಂದು ಹಗ್ಗವನ್ನು ಬಿಗಿಯಾಗಿ ಸುತ್ತಿದ್ದೇವೆ ಎಂದುಕೊಳ್ಳಿ. ಅದರ ಉದ್ದ ಸುಮಾರು 40,000 ಕಿಲೋಮೀಟರ್. ಆ ಹಗ್ಗಕ್ಕೆ ಕೇವಲ 1 ಮೀಟರ್ ಸೇರಿಸಿ ಎಲ್ಲ ಕಡೆಯೂ ಸಮನಾಗಿ ಮೇಲೆತ್ತಿದರೆ, ನೆಲಕ್ಕೂ ಹಗ್ಗಕ್ಕೂ ನಡುವೆ ಎಷ್ಟು ಸಂದು ಬಿಡುತ್ತದೆ? ಕೂದಲೆಳೆಯಷ್ಟೂ ಇಲ್ಲವೆಂದು ನೀವು ಹೇಳಬಹುದು. ಸರಿಯಾದ ಉತ್ತರ ಸುಮಾರು 16 ಸೆಂಟಿಮೀಟರ್. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸಿನ ಚಕ್ರಕ್ಕೆ ಸುತ್ತಿದ ಹಗ್ಗಕ್ಕೆ 1 ಮೀಟರ್ ಸೇರಿಸಿದರೂ ಅದೇ 16! ಯಾವುದೇ ವೃತ್ತದ ಪರಿಧಿ ಅದರ ತ್ರಿಜ್ಯದ ಸುಮಾರು 6.28 ಪಟ್ಟು. ಪರಿಧಿ 100 ಸೆಂಟಿಮೀಟರ್ ಹೆಚ್ಚಿದರೆ ತ್ರಿಜ್ಯ 100ರ 6.28ನೇ ಒಂದು ಭಾಗದಷ್ಟು ಹೆಚ್ಚುತ್ತದೆ. ವೃತ್ತ ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ಇದೇ ಸಂಬಂಧವನ್ನು ಆಧರಿಸಿ, ಭೂಮಿಯನ್ನು ಸುತ್ತದೆಯೇ ಅದರ ಸುತ್ತಳತೆಯನ್ನು ಲೆಕ್ಕ ಹಾಕಿದ ಮಹಾವಿದ್ವಾಂಸರು ಅಬೂ ರೈಹಾನ್ ಅಲ್ ಬಿರೂನಿ. ಅವರು 973ರಲ್ಲಿ, ಇಂದಿನ ಉಜ್ಬೇಕಿಸ್ತಾನದಲ್ಲಿರುವ ಖ್ವಾರಿಜ್ಮ್ ಪ್ರಾಂತ್ಯದಲ್ಲಿ ಜನಿಸಿದರು. 1017ರಲ್ಲಿ ಘಜ್ನಿಯ ಮಹಮೂದ್ ಆ ರಾಜ್ಯವನ್ನು ಗೆದ್ದಾಗ ಇತರ ವಿದ್ವಾಂಸರೊಂದಿಗೆ ಬಿರೂನಿಯವರನ್ನೂ ಘಜ್ನಿಗೆ ಕರೆದೊಯ್ದನು. ತಾವಾಗಿ ಬಯಸದ ಆ ಬದುಕನ್ನೂ ಅವರು ಕಲಿಕೆಗೆ ಬಳಸಿಕೊಂಡರು.

ಭಾರತಕ್ಕೆ ಬಂದ ಅವರು, ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನ ಕೋಟೆಯ ಬಳಿಯ ಬೆಟ್ಟವೊಂದನ್ನು ಆರಿಸಿಕೊಂಡರು. ಮೊದಲು ಬೆಟ್ಟದ ಎತ್ತರ ಅಳೆದರು. ಅದು 652 ಮೊಳಕ್ಕಿಂತ ಸ್ವಲ್ಪ ಹೆಚ್ಚು. ಬಳಿಕ ತುದಿಯಲ್ಲಿ ನಿಂತು ದಿಗಂತವನ್ನು ನೋಡಿದರು. ಭೂಮಿ ಗುಂಡಗಿರುವುದರಿಂದ ಎತ್ತರದಲ್ಲಿ ನಿಂತವರ ದೃಷ್ಟಿರೇಖೆ ದಿಗಂತದ ಕಡೆಗೆ ಸ್ವಲ್ಪ ಕೆಳಗೆ ವಾಲುತ್ತದೆ. ಆ ಕೋನ 34 ಕಲೆ, ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಈ ಎರಡೇ ಅಳತೆಗಳಿಂದ, ತ್ರಿಕೋನಮಿತಿಯ ನೆರವಿನಿಂದ, ಭೂಮಿಯ ತ್ರಿಜ್ಯ ಸುಮಾರು 1 ಕೋಟಿ 28 ಲಕ್ಷ ಮೊಳವೆಂದು ಕಂಡುಕೊಂಡರು. ತ್ರಿಜ್ಯ ಸಿಕ್ಕರೆ ಪರಿಧಿ ಸಿಕ್ಕಂತೆಯೇ ಅಲ್ಲವೇ? ಅವರಿಗಿಂತ ಮೊದಲು, 9ನೇ ಶತಮಾನದಲ್ಲಿ, ಖಲೀಫ ಮಾಮೂನರ ವಿದ್ವಾಂಸರು ಬಯಲಿನಲ್ಲಿ ನಡೆದು ಅಳೆದಿದ್ದರು. ತಮ್ಮ ಉತ್ತರ ಅದಕ್ಕೆ ಹತ್ತಿರವಿದ್ದರೂ, ಆ ವಿದ್ವಾಂಸರ ಉಪಕರಣಗಳೇ ಹೆಚ್ಚು ಸೂಕ್ಷ್ಮವೆಂದು ಬಿರೂನಿಯವರು ಒಪ್ಪಿಕೊಂಡರು.

ಅವರು ಗೆದ್ದವರ ಕಡೆಯಿಂದ ಬಂದವರು. ಆದರೂ ಪಂಡಿತರ ಮುಂದೆ ಶಿಷ್ಯನಂತೆ ಕುಳಿತರು. ನಲವತ್ತು ದಾಟಿದ ಮೇಲೆ ಕಷ್ಟಪಟ್ಟು ಸಂಸ್ಕೃತ ಕಲಿತರು. ಪತಂಜಲಿಯ ಯೋಗಗ್ರಂಥವನ್ನು ಅರಬ್ಬಿಗೆ ತಂದರು. ಯೂಕ್ಲಿಡ್‌ನ ರೇಖಾಗಣಿತವನ್ನು ಸಂಸ್ಕೃತಕ್ಕೆ ತರಲು ಶ್ರಮಿಸಿದರು. 1030ರ ಸುಮಾರಿಗೆ ಮುಗಿಸಿದ ಕಿತಾಬುಲ್ ಹಿಂದ್ ಗ್ರಂಥದಲ್ಲಿ ಆರ್ಯಭಟ, ಬ್ರಹ್ಮಗುಪ್ತರ ಗಣಿತವನ್ನು ಪರಿಶೀಲಿಸಿದರು. ಭಾರತದ ಲಿಪಿಗಳನ್ನು ಪಟ್ಟಿ ಮಾಡುವಾಗ ಕರ್ಣಾಟ ಲಿಪಿಯನ್ನೂ ಹೆಸರಿಸಿ, ಸೇನೆಗಳಲ್ಲಿ ಕನ್ನರರೆಂದು ಕರೆಯಲಾಗುವ ಯೋಧರು ಆ ನಾಡಿನವರೆಂದು ತಿಳಿಸಿದ್ದಾರೆ. ಕನ್ನಡಿಗರಾದ ನಮಗೆ ಇದು ಹೆಮ್ಮೆಯ ಸಂಗತಿ. 11ನೇ ಶತಮಾನದ ಮಧ್ಯಭಾಗದಲ್ಲಿ ಅವರು ಘಜ್ನಿಯಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಕಣ್ಣಿನ ಅಂದಾಜು ಎಷ್ಟು ಸುಲಭವಾಗಿ ನಮ್ಮನ್ನು ಮೋಸಗೊಳಿಸುತ್ತದೆ ಎಂಬುದನ್ನು ಹಗ್ಗದ ಒಗಟು ತೋರಿಸಿತು. ಬಿರೂನಿಯವರು ಕೇಳಿದ್ದನ್ನು ಅಳೆದು ನೋಡಿದರು, ಕಲಿಸುವವರು ಯಾರೆಂದು ನೋಡದೆ ಕಲಿತರು. ನೀವೂ ನನ್ನ ಮಾತನ್ನು ಹಾಗೆಯೇ ನಂಬಬೇಡಿ. ಒಂದು ತಟ್ಟೆಗೂ ಒಂದು ನೀರಿನ ಡ್ರಮ್ಮಿಗೂ ದಾರ ಸುತ್ತಿ, ಎರಡಕ್ಕೂ 44 ಸೆಂಟಿಮೀಟರ್ ಸೇರಿಸಿ, ವೃತ್ತಾಕಾರವಾಗಿ ಹರಡಿ ಸಂದನ್ನು ಅಳೆಯಿರಿ. ಎರಡರಲ್ಲೂ ಸುಮಾರು 7 ಸೆಂಟಿಮೀಟರ್ ಬರುತ್ತದೆಯೇ, ನೋಡಿ.