ಕನ್ವರ್ಟರ್ ಗಾಡಿಯ ಬಲ ಕದಿಯುತ್ತದೆಯೇ? ಅದನ್ನು ಮಾಡಿದ ರೇಸ್ ಹುಚ್ಚಿನ ಎಂಜಿನಿಯರ್ ಕಥೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹತ್ತಿ, ತೊಗರಿ ಮೂಟೆ ಹೊರುವ ಹಳೆ ಪಿಕಪ್ ಏರಿನಲ್ಲಿ ಏದುಸಿರು ಬಿಡತೊಡಗಿದರೆ ಒಂದು ಸಲಹೆ ತಪ್ಪದೆ ಬರುತ್ತದೆ: ಸೈಲೆನ್ಸರ್ ಮುಂದಿನ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ನೇರ ಪೈಪ್ ವೆಲ್ಡ್ ಮಾಡಿಸಿ. ಎಂಜಿನ್ನಿನ ಬಲ ತಿನ್ನುವ ಡಬ್ಬಿ ಅದು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಅದನ್ನು ರೂಪಿಸಿದ ಯೂಜೀನ್ ಹೂಡ್ರಿ ಬದುಕಿನ ಬಹುಭಾಗ ದುಡಿದದ್ದು ಎಂಜಿನ್ನಿಗೆ ಬಲ ತುಂಬಲಿಕ್ಕೇ.

ಹೂಡ್ರಿ ಹುಟ್ಟಿದ್ದು 1892ರಲ್ಲಿ, ಪ್ಯಾರಿಸ್ ಹತ್ತಿರ. ಅಪ್ಪನದು ಉಕ್ಕಿನ ಕಾರ್ಖಾನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದು ಗಾಯಗೊಂಡರು. ರೇಸ್ ಕಾರುಗಳ ಹುಚ್ಚು ಅವರನ್ನು ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನವರೆಗೂ ಕರೆದೊಯ್ಯಿತು. ಒಳ್ಳೆಯ ಎಂಜಿನ್ನಿಗೆ ಒಳ್ಳೆಯ ಪೆಟ್ರೋಲ್ ಬೇಕು ಎಂಬುದು ಅವರ ತಲೆ ಹೊಕ್ಕಿತು.

ಕೀಳುದರ್ಜೆಯ ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವ ಯತ್ನ 1929ರಲ್ಲಿ ಖರ್ಚು ಗಿಟ್ಟದೆ ನಿಂತಿತು. ಮರುವರ್ಷ ಅವರು ಅಮೆರಿಕಕ್ಕೆ ಹೋದರು. ಅಲ್ಲಿ ಭಾರವಾದ ಎಣ್ಣೆಯನ್ನು ವೇಗವರ್ಧಕದ ಮೇಲೆ ಹಾಯಿಸಿ ಉತ್ತಮ ಪೆಟ್ರೋಲ್ ಮಾಡುವ ವಿಧಾನ ಕೈಗೂಡಿತು. ವೇಗವರ್ಧಕ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಅದರ ಮೇಲೆ ಬೇಗನೆ ಇಂಗಾಲದ ಮಸಿ ಕಟ್ಟುತ್ತಿತ್ತು. ಹೂಡ್ರಿ ಆ ಮಸಿಗೆ ಗಾಳಿ ಕೊಟ್ಟು ಸುಟ್ಟು, ಅದೇ ವಸ್ತುವನ್ನು ಮತ್ತೆ ಮತ್ತೆ ಬಳಸಿದರು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ದೊಡ್ಡ ಘಟಕ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ವಿಮಾನಗಳಿಗೆ ಬೇಕಾದ ಉತ್ತಮ ಇಂಧನಕ್ಕೆ ಈ ವಿಧಾನ ಆಧಾರವಾಯಿತು. ಜರ್ಮನಿಗೆ ಮಣಿದ ವಿಶಿ ಸರ್ಕಾರವನ್ನು ವಿರೋಧಿಸಿದ್ದಕ್ಕೆ ಅವರು ಫ್ರಾನ್ಸಿನ ಪೌರತ್ವ ಕಳೆದುಕೊಂಡರು.

1950ರ ಹೊತ್ತಿಗೆ ಲಾಸ್ ಏಂಜಲೀಸ್ ಮೇಲೆ ಕವಿದಿದ್ದ ಹೊಗೆಮಂಜಿನ ಸುದ್ದಿ, ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತಿರುವ ವರದಿಗಳು ಅವರನ್ನು ಕಾಡಿದವು. ಆಕ್ಸಿ-ಕ್ಯಾಟಲಿಸ್ಟ್ ಎಂಬ ಕಂಪನಿ ತೆರೆದು, ಸುಡದೆ ಉಳಿದ ಇಂಧನವನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಹೊಗೆಕೊಳವೆಯಲ್ಲೇ ಸುಡುವ ಸಾಧನ ಮಾಡಿದರು. 1956ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಸೀಸ ತಗುಲಿದರೆ ವೇಗವರ್ಧಕ ಸತ್ತಂತೆಯೇ. ಹೀಗಾಗಿ ಸೀಸವಿಲ್ಲದ ಪೆಟ್ರೋಲಿನಲ್ಲಿ ಓಡುವ ಗೋದಾಮಿನ ಫೋರ್ಕ್‌ಲಿಫ್ಟ್‌ಗಳಿಗಷ್ಟೇ ಅದು ಒಗ್ಗಿತು. 1962ರಲ್ಲಿ ಹೂಡ್ರಿ ತೀರಿಕೊಂಡರು. ಅಮೆರಿಕದ ಕಾರುಗಳಿಗೆ ಕನ್ವರ್ಟರ್ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಂದ ಶುರು. ಸೀಸದ ಪೆಟ್ರೋಲ್ ದೇಶದಾದ್ಯಂತ ನಿಂತದ್ದು 2000ದಲ್ಲಿ.

ಈಗ ನಮ್ಮ ಪಿಕಪ್‌ಗೆ ಬರೋಣ. ಸರಿಯಿರುವ ಕನ್ವರ್ಟರ್ ಹೊಗೆಗೆ ಒಡ್ಡುವ ತಡೆ ಅಲ್ಪ. ಒಳಗಿನ ಜೇನುಗೂಡಿನಂಥ ರಂಧ್ರಗಳು ಕಟ್ಟಿಕೊಂಡರೆ ಮಾತ್ರ ಎಂಜಿನ್ ನಿಜಕ್ಕೂ ಉಸಿರುಗಟ್ಟುತ್ತದೆ. ಅಂಥದ್ದನ್ನು ಕಿತ್ತಾಗ ಗಾಡಿ ಚುರುಕಾಗುವುದು ಸುಳ್ಳಲ್ಲ, ನಂಬಿಕೆ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಕಟ್ಟಿಕೊಂಡದ್ದೇಕೆ? ಸವೆದ ರಿಂಗ್‌ನಿಂದ ಎಂಜಿನ್ ಆಯಿಲ್ ಸುಡುವುದು, ಇಂಜೆಕ್ಟರ್ ಸೋರುವುದು, ಸೀಮೆಎಣ್ಣೆ ಬೆರೆಸಿದ ಡೀಸೆಲ್. ಇವನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಕೆಡುತ್ತದೆ. ಮೊದಲು ಎಂಜಿನ್, ಆಮೇಲೆ ಅದೇ ಮಾದರಿಗೆ ಹೊಂದುವ ಕನ್ವರ್ಟರ್. ಪುಕ್ಕಟೆ ಕಿತ್ತುಕೊಡುತ್ತೇನೆ ಎಂದವರನ್ನು ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂನಂಥ ಲೋಹಗಳಿರುತ್ತವೆ, ಗುಜರಿಯಲ್ಲಿ ಒಳ್ಳೆಯ ಬೆಲೆ.

ಕಿತ್ತ ಮೇಲೂ ಹೊಗೆ ತಪಾಸಣೆಯಲ್ಲಿ ಪಾಸಾಯಿತಲ್ಲ ಎನ್ನುವವರಿದ್ದಾರೆ. ಡೀಸೆಲ್ ಗಾಡಿಯಲ್ಲಿ ಆ ತಪಾಸಣೆ ಅಳೆಯುವುದು ಹೊಗೆಯ ದಟ್ಟಣೆಯನ್ನು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅದರಲ್ಲಿ ಕಾಣುವುದಿಲ್ಲ. ಅದನ್ನು ಉಸಿರಾಡುವವರು ಹಿಂದಿನ ಬೈಕ್ ಸವಾರರು, ಹಿಂಬದಿಯಲ್ಲಿ ಕೂತು ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ವಾಯುಮಾಲಿನ್ಯದ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.